ಪಾರ್ಕ್ ರಿಂಕಲ್ಲಿ ಐಸ್ ಕೈಕೊಟ್ಟಾಗ: ಎಲ್ಲಿಂದ ನೋಡ್ಬೇಕು, ಯಾವಾಗ ನಿಲ್ಲಿಸ್ಬೇಕು

ಕೆನಡಾದ ಕ್ಯಾಲ್ಗರಿ, ಎಡ್ಮಂಟನ್ ಕಡೆ ಇರೋ ನಮ್ಮವರಲ್ಲಿ ಯಾರು ಮಕ್ಕಳಿಗೆ ಸ್ಕೇಟಿಂಗ್ ಕಲಿಸೋಕೆ ಅಂತ ಪಾರ್ಕಿಗೆ ಹೋಗಿ, ರಾತ್ರಿ ಒಂಬತ್ತು ಗಂಟೇಲಿ ಹೋಸ್ ಹಿಡ್ಕೊಂಡು ನಿಂತಿರೋರನ್ನ ನೋಡಿ "ನಾನೂ ಬರ್ತೀನಿ" ಅಂತ ಹೆಸರು ಕೊಟ್ಟಿದೀರೋ ಅವರಿಗೋಸ್ಕರ ಇದನ್ನ ಬರೀತಿದೀನಿ. ಕ್ಯಾಲ್ಗರಿಯಲ್ಲಿ ಸಿಟಿಯ ಅಡಾಪ್ಟ್ ಎ ರಿಂಕ್ ಅನ್ನೋ ಪ್ರೋಗ್ರಾಮ್ ಇದೆ, ಅಕ್ಕಪಕ್ಕದವರೇ ಸೇರ್ಕೊಂಡು ಪಾರ್ಕಿನ ರಿಂಕ್ (ಸ್ಕೇಟಿಂಗ್ ಮಾಡೋ ಐಸ್ ಅಂಗಳ) ನೋಡ್ಕೊಳ್ತಾರೆ. ಎಡ್ಮಂಟನ್‌ನಲ್ಲಿ ಕಮ್ಯುನಿಟಿ ಲೀಗ್‌ಗಳು ಅಂದ್ರೆ ಬಡಾವಣೆ ಸಂಘಗಳು ಈ ಕೆಲಸ ಮಾಡ್ತವೆ, ಅಲ್ಲಿ ಮೊದಲ ಲೀಗ್ ಶುರುವಾಗಿದ್ದು 1917ರಲ್ಲಿ, ಅಂದ್ರೆ ಇದು ನೂರು ವರ್ಷ ದಾಟಿರೋ ಪದ್ಧತಿ. ಈ ರಿಂಕ್‌ಗಳಲ್ಲಿ ಹೆಚ್ಚಿನವು ನ್ಯಾಚುರಲ್ ಐಸ್, ಕೆಳಗೆ ಕೂಲಿಂಗ್ ಪೈಪ್ ಇಲ್ಲ, ಮೆಷಿನ್ ಇಲ್ಲ, ನೀರು ಹಾಕೋದು ನಾವು, ಗಟ್ಟಿ ಮಾಡೋದು ಚಳಿ.

ಏನೇ ತೊಂದರೆ ಕಂಡ್ರೂ ಎಲ್ಲರೂ ಮೊದಲು ಮಾಡೋ ಕೆಲಸ ಅಂದ್ರೆ ಅದರ ಮೇಲೆ ಇನ್ನಷ್ಟು ನೀರು ಬಿಡೋದು, ಅದೇ ಮಾಡ್ಬಾರದು. ಮೇಲೆ ಕಾಣೋ ತೊಂದರೆಗೆ ಕಾರಣ ಕೆಳಗಿರತ್ತೆ. ಒಂದು ಉದ್ದ ಸ್ಕ್ರೂಡ್ರೈವರ್, ಒಂದು ಬಕೆಟ್, ಒಂದು ಶವಲ್, ಒಂದು ಟಾರ್ಚ್ ಇದ್ರೆ ಅರ್ಧಕ್ಕರ್ಧ ದೋಷ ಖರ್ಚಿಲ್ಲದೆ ಗೊತ್ತಾಗತ್ತೆ.

ನೀರು ಎಷ್ಟು ಹಾಕಿದ್ರೂ ನಿಲ್ತಾ ಇಲ್ಲ

ಮೊದಲು ಸ್ಕ್ರೂಡ್ರೈವರ್ ತಗೊಂಡು ನೆಲಕ್ಕೆ ಚುಚ್ಚಿ ನೋಡಿ. ಒಂದೆರಡು ಇಂಚು ಸಲೀಸಾಗಿ ಇಳಿದ್ರೆ ನೆಲ ಇನ್ನೂ ಹೆಪ್ಪುಗಟ್ಟಿಲ್ಲ ಅಂತ ಅರ್ಥ, ನೀವು ಹಾಕ್ತಿರೋ ನೀರೆಲ್ಲ ಮಣ್ಣಿಗೇ ಹೋಗ್ತಿದೆ. ಹಗಲೂ ಸೊನ್ನೆಗಿಂತ ಕೆಳಗಿದ್ದು ರಾತ್ರಿ ಮೈನಸ್ 10ರ ಹತ್ರ ಹೋಗೋ ದಿನಗಳು ಒಂದು ನಾಲ್ಕೈದು ಸಾಲಾಗಿ ಬರೋ ತನಕ ಕಾಯಿರಿ. ಇಲ್ಲಿ ಒಂದು ವಿಷಯ ಹೊಸಬರಿಗೆ ಆಶ್ಚರ್ಯ ಅನ್ಸತ್ತೆ, ದಪ್ಪ ಸ್ನೋ ಬಿದ್ದು ಹಾಗೇ ಕೂತಿದ್ರೆ ಅದು ಕಂಬಳಿ ಹೊದಿಸಿದ ಹಾಗೆ ನೆಲದ ಶಾಖಾನ ಒಳಗೇ ಹಿಡ್ಕೊಳ್ಳತ್ತೆ, ಹೊರಗೆ ಮೈನಸ್ 20 ಇದ್ರೂ ಕೆಳಗಿನ ಮಣ್ಣು ಮೆತ್ತಗೇ ಇರತ್ತೆ. ಹಾಗಾಗಿ ಮೊದಲ ಸ್ನೋ ಬಿದ್ದ ತಕ್ಷಣ ಅದನ್ನ ತುಳಿದು ಗಟ್ಟಿ ಮಾಡಿ, ಅಥವಾ ಬದಿಗೆ ತಳ್ಳಿ.

ನೆಲ ಗಟ್ಟಿ ಇದೆ, ಆದ್ರೂ ನೀರು ಒಂದು ಕಡೆಗೇ ಓಡತ್ತೆ ಅಂದ್ರೆ ಇಳಿಜಾರು. ಹುಲ್ಲಿನ ಮೈದಾನ ಕಣ್ಣಿಗೆ ಸಮ ಅನ್ಸತ್ತೆ ಆದ್ರೆ ದಾರ ಕಟ್ಟಿ ಅಳೆದ್ರೆ ನಿಜ ಗೊತ್ತಾಗೋದು. 20 ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಇಳಿದಿದ್ರೆ, ಎತ್ತರದ ತುದೀಲಿ 5 ಸೆಂಟಿಮೀಟರ್ ಐಸ್ ಬರೋ ಹೊತ್ತಿಗೆ ತಗ್ಗಿನ ತುದೀಲಿ 15 ಆಗಿರತ್ತೆ. ತಗ್ಗಿನ ಕಡೆ ಸ್ನೋ ಒಡ್ಡು ಕಟ್ಟಿ, ನೀರು ಚಿಮುಕಿಸಿ ಗಟ್ಟಿ ಮಾಡಿ, ಅಲ್ಲಿಂದ ಮೇಲಕ್ಕೆ ಬನ್ನಿ. ಇಳಿಜಾರು ಇದಕ್ಕಿಂತ ಜಾಸ್ತಿ ಇದ್ರೆ ಆ ಜಾಗ ಬಿಟ್ಟು ಬೇರೆ ಜಾಗ ಕೇಳಿ, ಪ್ರತಿ ವರ್ಷ ನೀರು ಸುರಿಯೋದಕ್ಕಿಂತ ಅದೇ ಕಡಿಮೆ ಖರ್ಚು.

ಒಂದೇ ಜಾಗದಲ್ಲಿ ಮಾತ್ರ ನೀರು ಸುಳಿ ತಿರುಗಿ ಇಂಗ್ತಿದ್ರೆ ಗೋಫರ್ (ಅಳಿಲಿನ ಥರ ನೆಲದಲ್ಲಿ ಬಿಲ ತೋಡೋ ಪ್ರಾಣಿ) ಬಿಲ ಇರ್ಬಹುದು, ಸ್ನೋಗೆ ನೀರು ಕಲಸಿ ಸ್ಲಶ್ ಮಾಡಿ ತುರುಕಿ, ರಾತ್ರಿ ಬಿಟ್ಟು ಬೆಳಗ್ಗೆ ನೋಡಿ. ಸುತ್ತ ಬೋರ್ಡ್ (ಹಲಗೆ ಗೋಡೆ) ಕಟ್ಟಿ ಪ್ಲಾಸ್ಟಿಕ್ ಲೈನರ್ ಹಾಸಿರೋ ರಿಂಕ್ ಆದ್ರೆ ಹೊರಗಡೆ ಬದೀಲಿ ಐಸ್ ಕಟ್ಟಿದೆಯಾ ನೋಡಿ, ಕಟ್ಟಿದ್ರೆ ಅಲ್ಲೆಲ್ಲೋ ತೂತಿದೆ. ನೀರು ಹೆಪ್ಪುಗಟ್ಟೋ ಮುಂಚೆ ಸಿಕ್ರೆ ಪ್ಯಾಚ್ ಹಾಕ್ಬಹುದು, ಆಮೇಲಾದ್ರೆ ಹೊರಗಿಂದ ಒದ್ದೆ ಸ್ನೋ ಮೆತ್ತಿ ಕಟ್ಟಿಹಾಕೋದೊಂದೇ ದಾರಿ.

ನೀರು ಹಾಕೋ ಅಳತೆ ಬಗ್ಗೆ. 10 ಮೀಟರ್ ಅಗಲ 20 ಮೀಟರ್ ಉದ್ದದ ರಿಂಕಿಗೆ ಒಂದು ಸೆಂಟಿಮೀಟರ್ ನೀರು ಅಂದ್ರೆ 2,000 ಲೀಟರ್. 3 ಮಿಲಿಮೀಟರ್ ಪದರಕ್ಕೆ 600 ಲೀಟರ್ ಸಾಕು. ಒಂದು ಸಲಕ್ಕೆ ಈ 3 ಮಿಲಿಮೀಟರ್ ಅನ್ನೇ ಹಾಕಿ, ಪೂರ್ತಿ ಗಟ್ಟಿಯಾದ ಮೇಲೆ ಮುಂದಿನದು. ಹೀಗೆ 10 ಸೆಂಟಿಮೀಟರ್ ಬರೋಕೆ ಹಲವಾರು ರಾತ್ರಿ ಬೇಕು, ಬೇರೆ ಶಾರ್ಟ್‌ಕಟ್ ಇಲ್ಲ.

ಮೇಲೆ ಚೆನ್ನಾಗಿ ಕಾಣತ್ತೆ, ಕಾಲಿಟ್ರೆ ಟಪ್ ಅಂತ ಒಡೆಯತ್ತೆ

ಇದಕ್ಕೆ ಇಲ್ಲಿ ಶೆಲ್ ಐಸ್ ಅಂತಾರೆ. ಒಳ್ಳೆ ಐಸ್ ಕೆಳಗಿನ ಪದರಕ್ಕೆ ಅಂಟಿಕೊಂಡು ಗಾಢವಾಗಿ ಕಾಣತ್ತೆ, ಶೆಲ್ ಇರೋ ಕಡೆ ಮಾತ್ರ ಬಿಳಿ ಬಿಳಿ ಮಚ್ಚೆ, ಶವಲ್ ಹಿಡಿಯಿಂದ ತಟ್ಟಿದ್ರೆ ಪೊಳ್ಳು ಸದ್ದು. ಆಗೋದು ಹೀಗೆ, ಒಂದೇ ಸಲ ತುಂಬ ನೀರು ಬಿಟ್ಟಾಗ ಮೇಲಿನ ಪೊರೆ ಮೊದಲು ಗಟ್ಟಿಯಾಗಿ ಕೆಳಗಿನ ನೀರು ಇನ್ನೂ ನೀರಾಗೇ ಇರತ್ತೆ, ಆ ನೀರು ಸಂದೀಲಿ ಜಾರಿಕೊಂಡು ಹೋದ್ರೆ ನಡುವೆ ಬರೀ ಗಾಳಿ ಉಳಿಯತ್ತೆ.

ಮೇಲಿಂದ ನೀರು ಬಿಟ್ರೆ ಸರಿಹೋಗಲ್ಲ. ಪೊಳ್ಳು ಇರೋ ಅಷ್ಟೂ ಜಾಗ ಒಡೆದು ಚೂರು ತೆಗೀರಿ, ಅಂಚು ಗಟ್ಟಿ ಐಸ್ ಸಿಗೋ ತನಕ ಕೆತ್ತಿ, ಆ ಗುಂಡಿಗೆ ಸ್ಲಶ್ ತುಂಬಿ ಒತ್ತಿ, ಶವಲ್ ಬೆನ್ನಿಂದ ಸುತ್ತಲಿನ ಐಸಿಗೆ ಸಮ ಮಾಡಿ, ಗಟ್ಟಿಯಾದ ಮೇಲೆ ತೆಳ್ಳಗೆ ಒಂದು ಕೋಟ್. ಮಕ್ಕಳ ಕಾಲು ಉಳುಕೋದು ಇಂಥ ಜಾಗದಲ್ಲೇ, ಹಾಗಾಗಿ ಒಡೆದು ತುಂಬೋ ತನಕ ಅಲ್ಲಿ ಒಂದು ಕೋನ್ ಇಟ್ಟು ರಿಂಕ್ ಮುಚ್ಚಿ. ರಿಂಕಿನ ಅರ್ಧಕ್ಕಿಂತ ಜಾಸ್ತಿ ಶೆಲ್ ಆಗಿದ್ರೆ ತೇಪೆ ಹಾಕೋದು ಬಿಟ್ಟು ಪೂರ್ತಿ ಒಡೆದು, ಚೂರುಗಳನ್ನ ಅಲ್ಲೇ ಹರಡಿ ತುಳಿದು, ಮತ್ತೆ ಬೇಸ್‌ನಿಂದ ಶುರುಮಾಡೋದು ಒಳ್ಳೇದು. ಮನಸ್ಸು ಒಪ್ಪಲ್ಲ ನಿಜ, ಆದ್ರೆ ಒಂದು ವಾರದಲ್ಲಿ ಗಟ್ಟಿ ರಿಂಕ್ ಇರತ್ತೆ.

ಬಿರುಕು ಬಿಟ್ಟಿದೆ, ರಾತ್ರಿ ಸದ್ದೂ ಬರತ್ತೆ

ಚಳಿ ಧಿಡೀರ್ ಅಂತ ಜಾಸ್ತಿಯಾದಾಗ ಐಸ್ ಕುಗ್ಗತ್ತೆ, ಕುಗ್ಗಿದಾಗ ಬಿರುಕು ಬಿಡತ್ತೆ, ದೊಡ್ಡ ಸದ್ದೂ ಮಾಡತ್ತೆ. ನೆಲದ ಮೇಲಿನ ರಿಂಕಲ್ಲಿ ಆ ಸದ್ದಿಗೆ ಹೆದರೋದೇನಿಲ್ಲ. ನೋಡ್ಬೇಕಾಗಿರೋದು ಅಗಲ. ಹಾಕಿ ಸ್ಕೇಟಿನ ಬ್ಲೇಡ್ ಸುಮಾರು 3 ಮಿಲಿಮೀಟರ್ ದಪ್ಪ ಇರತ್ತೆ, ಬಿರುಕು ಅದಕ್ಕಿಂತ ಅಗಲ ಆಗಿದ್ರೆ ಬ್ಲೇಡ್ ಒಳಗೆ ಸಿಕ್ಕಾಕೊಳ್ಳತ್ತೆ, ಅದು ಅಪಾಯ. ಕೂದಲೆಳೆ ಬಿರುಕುಗಳು ಮುಂದಿನ ಫ್ಲಡ್‌ಗೆ (ಮೇಲೆ ನೀರು ಹಾಯಿಸೋದಕ್ಕೆ ಫ್ಲಡ್ ಅಂತಾರೆ) ತಾವೇ ಮುಚ್ಕೊಳ್ತವೆ. ಅಗಲ ಇರೋದಕ್ಕೆ ಬಕೆಟ್‌ನಲ್ಲಿ ಸ್ನೋ ಮತ್ತೆ ನೀರು ಗಟ್ಟಿಯಾಗಿ ಕಲಸಿ ಬೆರಳಲ್ಲಿ ಒತ್ತಿ ತುಂಬಿ. ಬರೀ ನೀರು ಸುರಿದ್ರೆ ಕೆಳಗಿಳಿದು ಹೋಗತ್ತೆ.

ಪ್ರತಿ ವರ್ಷ ಅದೇ ಜಾಗದಲ್ಲಿ ಬಿರುಕು ಬಂದ್ರೆ ಅದು ಐಸಿನ ತೊಂದರೆ ಅಲ್ಲ, ಕೆಳಗೆ ಡಾಂಬರಿನ ಜೋಡಣೆ ಇರತ್ತೆ, ಇಲ್ಲಾ ನೆಲದ ತೇವ ಹೆಪ್ಪುಗಟ್ಟಿ ಮಣ್ಣು ಉಬ್ಬಿರತ್ತೆ. ಫೋಟೋ ತೆಗೆದಿಟ್ಟು ಬೇಸಿಗೇಲಿ ನಿಮ್ಮ ಬಡಾವಣೆಯ ಕಮ್ಯುನಿಟಿ ಅಸೋಸಿಯೇಷನ್‌ಗೆ, ಸಿಟಿಗೆ ತೋರಿಸಿ, ಚಳಿಗಾಲದಲ್ಲಿ ಅದಕ್ಕೆ ಮದ್ದಿಲ್ಲ.

ಒರಟು, ಗುಬುಟು, ಇಲ್ಲಾ ಪದರ ಪದರ ಎದ್ದು ಬರತ್ತೆ

ಹಿಂದಿನ ಫ್ಲಡ್ ಯಾವಾಗ ಮಾಡಿದ್ರಿ, ಆಗ ಸ್ನೋ ಬೀಳ್ತಿತ್ತಾ ಅಂತ ಮೊದಲು ಕೇಳಿ. ಸ್ನೋ ಬೀಳುವಾಗ ನೀರು ಹಾಕಿದ್ರೆ ಅದೆಲ್ಲ ಸೇರಿ ಬಿಳಿ ಗಂಟು ಗಂಟು ಆಗತ್ತೆ. ಎರಡನೇದು ನಾಝಲ್, ತುಂತುರು ಮಾಡಿ ಮೇಲಿಂದ ಚಿಮುಕಿಸಿದ್ರೆ ಮೈನಸ್ 20ರಲ್ಲಿ ಹನಿ ಬಿದ್ದ ಜಾಗದಲ್ಲೇ ಗಟ್ಟಿಯಾಗಿ ಹರಳು ಹರಳಾಗತ್ತೆ, ಬೇಸ್ ಕಟ್ಟೋಕೆ ತುಂತುರು ಸರಿ, ಆಮೇಲೆ ಮೇಲ್ಮೈಗೆ ನೀರು ನೆಲದ ಹತ್ರದಿಂದ ಹರೀಬೇಕು.

ಕ್ರಮ ಹೀಗಿಟ್ಕೊಳ್ಳಿ: ಶವಲ್, ಸ್ಕ್ರೇಪರ್, ಪೊರಕೆ, ಆಮೇಲೆ ನೀರು. ದೂರದ ತುದಿಯಿಂದ ಶುರುಮಾಡಿ ಹೊರಗೆ ಹೋಗೋ ಕಡೆಗೆ ಹಿಂದಕ್ಕೆ ಬನ್ನಿ, ಇಲ್ದಿದ್ರೆ ನಿಮ್ಮ ಬೂಟಿನ ಗುರುತೇ ಉಳಿಯತ್ತೆ. ಪುಡಿ ಸ್ನೋ ಒಂಚೂರು ಉಳಿದ್ರೂ ಹೊಸ ನೀರು ಹಳೇ ಐಸಿಗೆ ಅಂಟಲ್ಲ, ಪದರ ಎದ್ದು ಬರೋದಕ್ಕೆ ಇದೇ ಮುಖ್ಯ ಕಾರಣ. ಬಿಸಿನೀರು ಸಿಕ್ರೆ ಕೊನೆ ಕೋಟಿಗೆ ಅದನ್ನೇ ಹಾಕಿ, ಹಳೇ ಐಸಿನ ಮೇಲ್ಮೈ ಸ್ವಲ್ಪ ಕರಗಿ ಎರಡೂ ಬೆರೆತು ನುಣ್ಣಗಾಗತ್ತೆ. ಮೈನಸ್ 8ರಿಂದ ಮೈನಸ್ 15 ಒಳ್ಳೆ ಹವೆ. ಮೈನಸ್ 25 ಇರುವಾಗ ಹೊಸ ಪದರ ಬಿರುಸಾಗಿ ಚಕ್ಕೆ ಏಳತ್ತೆ, ನಿಮ್ಮ ಕೈಗವಸು ಒದ್ದೆಯಾದ್ರೆ ಬೆರಳಿಗೂ ಫ್ರಾಸ್ಟ್‌ಬೈಟ್. ಅವತ್ತು ಮನೇಲಿರಿ.

ಒಂದೇ ಜಾಗ ಪದೇ ಪದೇ ಕರಗತ್ತೆ

ಎಲೆ, ಕಡ್ಡಿ, ಜಲ್ಲಿಕಲ್ಲು ಐಸ್ ಒಳಗೆ ಕೂತಿದ್ರೆ ಕಪ್ಪು ಬಣ್ಣ ಬಿಸಿಲು ಹೀರ್ಕೊಂಡು ಸುತ್ತ ಗುಂಡಿ ಮಾಡತ್ತೆ. ಕಿತ್ತು ತೆಗೆದು ಸ್ಲಶ್ ತುಂಬಿ. ಬೋರ್ಡ್ ಬುಡದಲ್ಲಿ ಉದ್ದಕ್ಕೂ ಕರಗ್ತಿದ್ರೆ ಅದು ಉತ್ತರದ ಕಡೆ ಬೋರ್ಡಾ ನೋಡಿ, ದಕ್ಷಿಣಕ್ಕೆ ಮುಖ ಮಾಡಿರೋ ಬೋರ್ಡಿಗೆ ಚಳಿಗಾಲದ ಬಿಸಿಲು ನೇರ ಹೊಡೆದು ಬೋರ್ಡ್ ಕಾಯತ್ತೆ. ಕ್ಯಾಲ್ಗರಿ ಕೆನಡಾದ ದೊಡ್ಡ ಊರುಗಳಲ್ಲೇ ಅತಿ ಹೆಚ್ಚು ಬಿಸಿಲಿನ ಊರು, ಹಾಗಾಗಿ ಇಲ್ಲಿ ಇದು ಸಣ್ಣ ವಿಷಯ ಅಲ್ಲ. ಬಿಳಿ ಪೇಂಟ್ ಹೊಡೀರಿ, ಬುಡಕ್ಕೆ ಸ್ನೋ ಮೆತ್ತಿ.

ಗುಂಡಗೆ ಒಂದು ವೃತ್ತದಲ್ಲಿ ಕರಗ್ತಿದೆ ಅಂದ್ರೆ ಕೆಳಗೆ ಮ್ಯಾನ್‌ಹೋಲ್ ಇರ್ಬಹುದು, ಒಳಚರಂಡಿಯ ಶಾಖ ಮೇಲಕ್ಕೆ ಬರತ್ತೆ. ಮುಚ್ಚಳ ಎತ್ತೋಕೆ ಹೋಗ್ಬೇಡಿ, ಸಿಟಿಯ ಸಹಾಯವಾಣಿ 311ಗೆ ಫೋನ್ ಮಾಡಿ. ರಸ್ತೆ ಕಡೆ ಅಂಚು ಮಾತ್ರ ಮೆತ್ತಗಿದ್ರೆ ರಸ್ತೆಗೆ ಹಾಕಿದ ಉಪ್ಪು ಸ್ನೋ ತಳ್ಳೋ ಪ್ಲೋ ಗಾಡಿ ಜೊತೆ ಹಾರಿ ಬಂದಿದೆ, ಉಪ್ಪು ಬೆರೆತ ಐಸ್ ಸೊನ್ನೆಗಿಂತ ಕೆಳಗೂ ಗಟ್ಟಿಯಾಗಲ್ಲ, ಅಷ್ಟನ್ನ ಕೆತ್ತಿ ಹೊರಗೆ ಹಾಕ್ಬೇಕು, ರಿಂಕಿನ ಬೇರೆ ಕಡೆಗೆ ತಳ್ಳೋಕೆ ಹೋಗ್ಬೇಡಿ.

ಶಿನೂಕ್ ಬಂದು ಎಲ್ಲ ನೀರಾಯ್ತು

ಶಿನೂಕ್ ಅಂದ್ರೆ ಪಶ್ಚಿಮದ ರಾಕಿ ಬೆಟ್ಟ ಇಳಿದು ಬರೋ ಒಣ ಬಿಸಿಗಾಳಿ. ಬೆಳಗ್ಗೆ ಮೈನಸ್ 15 ಇದ್ದದ್ದು ಮಧ್ಯಾಹ್ನಕ್ಕೆ ಪ್ಲಸ್ 8 ಆಗೋದು ಇಲ್ಲಿ ಮಾಮೂಲು. ಪಶ್ಚಿಮದ ಆಕಾಶದಲ್ಲಿ ಮೋಡದ ಕಮಾನು ಕಂಡ ದಿನವೇ ತಯಾರಾಗಿ.

ಗಾಳಿ ಬರೋ ಮುಂಚೆ ಐಸ್ ಮೇಲಿನ ಸ್ನೋ ತೆಗೀಬೇಕಾ ಬಿಡಬೇಕಾ ಅಂತ ಎರಡು ಅಭಿಪ್ರಾಯ ಇದೆ. ಬಿಟ್ರೆ ಬಿಳಿ ಸ್ನೋ ಬಿಸಿಲನ್ನ ವಾಪಸ್ ಕಳಿಸತ್ತೆ ಅನ್ನೋರಿದಾರೆ, ಅದು ಸುಳ್ಳಲ್ಲ. ಆದ್ರೆ ಅದು ಒದ್ದೆಯಾಗಿ ಐಸಿಗೆ ಅಂಟಿ ರಾತ್ರಿ ಗಟ್ಟಿಯಾದ್ರೆ ಕೆತ್ತೋಕೆ ಬರೋ ವಾಲಂಟಿಯರ್‌ಗಳ ಸೊಂಟ ಹೋಗತ್ತೆ, ಅದಕ್ಕೇ ನಾನು ತೆಗೀರಿ ಅಂತೀನಿ.

ನೀರು ನಿಂತ ತಕ್ಷಣ ರಿಂಕ್ ಕ್ಲೋಸ್ಡ್ ಅಂತ ಬೋರ್ಡ್ ಹಾಕಿ. ಮೆತ್ತಗಿರೋ ಐಸಲ್ಲಿ ಆಡಿದ್ರೆ ಬ್ಲೇಡ್ ಗೀರಿದ ಕಾಲುವೆಗಳು ಚಳಿ ವಾಪಸ್ ಬಂದಾಗ ಹಾಗೇ ಗಟ್ಟಿಯಾಗ್ತವೆ, ಆಮೇಲೆ ಒಂದು ವಾರದ ಕೆಲಸ. ಮಕ್ಕಳು ಬೇಜಾರು ಮಾಡ್ಕೊಂಡ್ರೂ ಆಡೋ ಹಾಗಿಲ್ಲ ಅಂತ ಖಡಾಖಂಡಿತವಾಗಿ ಹೇಳಿ. ಚಳಿ ಬಂದ ಮೊದಲ ರಾತ್ರೀನೇ ಫ್ಲಡ್ ಮಾಡ್ಬೇಡಿ, ನಿಂತಿರೋ ನೀರು ತಳದ ತನಕ ಗಟ್ಟಿಯಾಗ್ಲಿ, ಇಲ್ದಿದ್ರೆ ಮತ್ತೆ ಶೆಲ್ ಐಸ್.

ಇನ್ನೊಂದು ಲಕ್ಷಣ, ನೀರು ನಿಂತಿದ್ದೇ ಕಾಣಲ್ಲ ಆದ್ರೆ ಐಸ್ ತೆಳುವಾಗಿದೆ, ಮೇಲೆ ಸಣ್ಣ ಸಣ್ಣ ಕುಳಿ. ಒಣ ಗಾಳಿಗೆ ಐಸ್ ನೀರಾಗದೇ ನೇರ ಆವಿಯಾಗಿ ಹೋಗತ್ತೆ. ಇದಕ್ಕೆ ಸಂಜೆ ಹೊತ್ತಿನ ತೆಳು ಕೋಟ್ ಸಾಕು, ಆದ್ರೆ ಜನವರಿಗೆ ಮುಂಚೆ ದಪ್ಪ ಕಟ್ಟಿಟ್ಟಿರೋ ರಿಂಕ್ ಮಾತ್ರ ಇಂಥ ಗಾಳಿ ತಡ್ಕೊಳ್ಳತ್ತೆ.

ಎಷ್ಟು ದಿನ ಓಪನ್ ಇತ್ತು, ಎಷ್ಟು ದಿನ ಇರ್ಲಿಲ್ಲ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವಿಲ್ಫ್ರಿಡ್ ಲಾರಿಯೆ ಯೂನಿವರ್ಸಿಟಿಯ ಭೂಗೋಳದವರು 2013ರಲ್ಲಿ ರಿಂಕ್‌ವಾಚ್ ಅಂತ ಶುರುಮಾಡಿ ಜನರಿಂದ ಇದೇ ಮಾಹಿತಿ ಕೇಳಿದ್ರು, ಹವಾಮಾನ ಬದಲಾವಣೆ ಅಳೆಯೋಕೆ. 2022-23ರ ಚಳಿಗಾಲದಲ್ಲಿ ಒಟ್ಟಾವಾ ಊರಿನ ರಿಡೋ ಕೆನಾಲ್‌ನ ಸ್ಕೇಟಿಂಗ್ ಒಂದು ದಿನವೂ ಓಪನ್ ಆಗ್ಲಿಲ್ಲ, ಅದರ ಇತಿಹಾಸದಲ್ಲೇ ಮೊದಲ ಸಲ. ನಿಮ್ಮ ನೋಟ್‌ಬುಕ್ ಗ್ರಾಂಟ್ ಕೇಳೋವಾಗಲೂ ಕೆಲಸಕ್ಕೆ ಬರತ್ತೆ, ಮುಂದೆ ಹೇಳ್ತೀನಿ.

ಹೋಸಲ್ಲಿ ನೀರೇ ಬರ್ತಿಲ್ಲ

ಟ್ಯಾಪ್ ಪೂರ್ತಿ ತೆಗೆದಿದೆಯಾ, ಹೋಸ್ ಎಲ್ಲಾದ್ರೂ ಮಡಚಿದೆಯಾ ನೋಡಿ, ಆಮೇಲೆ ಕೈಯಲ್ಲಿ ಬಾಗಿಸಿ, ಒಳಗೆ ಕರಕರ ಅಂದ್ರೆ ಗಟ್ಟಿಯಾಗಿದೆ. ಬೆಚ್ಚಗಿನ ರೂಮಲ್ಲಿ ಇಟ್ಟು ಕರಗಿಸಿ, ಬೆಂಕಿ ತೋರಿಸ್ಬೇಡಿ, ನೀರಿರೋ ಜಾಗಕ್ಕೆ ಹೀಟ್ ಗನ್, ಎಕ್ಸ್‌ಟೆನ್ಷನ್ ಕಾರ್ಡ್ ತರ್ಬೇಡಿ. ಪ್ರತಿ ಸಲ ಕೆಲಸ ಮುಗಿದ ಮೇಲೆ ಹೋಸ್ ಬಿಚ್ಚಿ ನೀರು ಪೂರ್ತಿ ಸೋರಿಸಿ ಒಳಗಿಡಿ. ಹೋಸ್ ಹಾಗೇ ಟ್ಯಾಪಿಗೆ ಬಿಟ್ರೆ ಗೋಡೆ ಒಳಗಿನ ಪೈಪ್ ಒಡೆಯತ್ತೆ, ಗೋಡೆ ಒಳಗೆ ನೀರಿನ ಸದ್ದು ಕೇಳಿದ್ರೆ ಮೇನ್ ವಾಲ್ವ್ ಮುಚ್ಚಿ ಪ್ಲಂಬರ್ ಕರೀರಿ.

ಫೈರ್ ಹೈಡ್ರಂಟನ್ನ ಸಿಟಿ ಪರ್ಮಿಷನ್ ಇಲ್ದೆ ಮುಟ್ಟಲೇಬಾರದು. ಮುಚ್ಚೋವಾಗ ಒಳಗೆ ನೀರು ಉಳಿದ್ರೆ ಅದು ಹೆಪ್ಪುಗಟ್ಟಿ, ಯಾರದೋ ಮನೆಗೆ ಬೆಂಕಿ ಬಿದ್ದ ದಿನ ಕೆಲಸ ಮಾಡಲ್ಲ.

ಸ್ನೋ ಬ್ಲೋವರ್ ಕಟ್ಕೊಂಡ್ರೆ ಇಂಜಿನ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಕೋಲಲ್ಲಿ ತೆಗೀರಿ. ಕೈ ಹಾಕ್ಬೇಡಿ, ಆಫ್ ಆಗಿದ್ರೂ ಹಾಕ್ಬೇಡಿ, ಒಳಗಿನ ಬಿಗಿ ಬಿಟ್ಟಾಗ ಬ್ಲೇಡ್ ಒಂದು ಸುತ್ತು ತಿರುಗ್ಬಹುದು. ಶೆಡ್ ಒಳಗೆ ಇಂಜಿನ್ ಓಡಿಸ್ಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ತಕ್ಷಣ ನಿಲ್ಲಿಸಿ ಸಹಾಯ ಕರೀಬೇಕಾದ ಲಕ್ಷಣಗಳು

ಕೂಲಿಂಗ್ ಪ್ಲಾಂಟ್ ಇರೋ ರಿಂಕ್ ಹತ್ರ ಮೂಗು ಕಣ್ಣು ಉರಿಯೋ ಘಾಟು ವಾಸನೆ ಬಂದ್ರೆ ಅದು ಅಮೋನಿಯಾ ಇರ್ಬಹುದು. ಎಲ್ಲಿಂದ ಅಂತ ಹುಡುಕೋಕೆ ಹೋಗ್ಬೇಡಿ, ಎಲ್ಲರನ್ನೂ ಗಾಳಿ ಬೀಸ್ತಿರೋ ದಿಕ್ಕಿಗೆ ಎದುರಾಗಿ, ಇಲ್ಲಾ ಅಡ್ಡಲಾಗಿ ದೂರ ಕರ್ಕೊಂಡು ಹೋಗಿ 911ಗೆ ಫೋನ್ ಮಾಡಿ. 2017ರ ಅಕ್ಟೋಬರಲ್ಲಿ ಬ್ರಿಟಿಷ್ ಕೊಲಂಬಿಯಾದ ಫರ್ನಿ ಊರಿನ ಅರೀನಾದಲ್ಲಿ ಅಮೋನಿಯಾ ಸೋರಿ ಮೂರು ಜನ ಕೆಲಸ ಮಾಡ್ತಿದ್ದೋರು ಸತ್ತುಹೋದ್ರು. ಪ್ಲಾಂಟ್ ನೋಡ್ಕೊಳ್ಳೋದು ವಾಲಂಟಿಯರ್‌ಗಳ ಕೆಲಸ ಅಲ್ಲವೇ ಅಲ್ಲ.

ಲೈಟ್ ಕಂಬ ಮುಟ್ಟಿದಾಗ ಜುಮ್ ಅಂದ್ರೆ ಅವತ್ತೇ ರಿಂಕ್ ಮುಚ್ಚಿ ಎಲೆಕ್ಟ್ರಿಷಿಯನ್. ರಿಂಕ್ ಸರಿ ಇಲ್ಲ ಅಂತ ಮಕ್ಕಳನ್ನ ಹತ್ತಿರದ ಸ್ಟಾರ್ಮ್ ಪಾಂಡ್ ಮೇಲೆ ಬಿಡ್ಬೇಡಿ, ಮಳೆನೀರು ಹರಿದು ಬರೋ ಆ ಕೊಳಗಳಲ್ಲಿ ನೀರಿನ ಮಟ್ಟ ಏರಿಳಿತಾ ಇರತ್ತೆ, ರಸ್ತೆ ಉಪ್ಪೂ ಸೇರತ್ತೆ, ಮೇಲೆ ಎಷ್ಟೇ ಗಟ್ಟಿ ಕಂಡ್ರೂ ಐಸ್ ನಂಬೋ ಹಾಗಿಲ್ಲ.

ಜನವರಿಗೇ ದುಡ್ಡು ಖಾಲಿ

ಇಲ್ಲೂ ಮೊದಲು ಕೆಳಗೆ ನೋಡಿ, ಅಂದ್ರೆ ರಸೀದಿಗಳನ್ನ. ನೀರು, ಲೈಟು, ಇನ್ಶೂರೆನ್ಸ್ ಪ್ರತಿ ವರ್ಷ ಬರೋ ಖರ್ಚು, ಹೋಸು, ಬೋರ್ಡು, ಸ್ನೋ ಬ್ಲೋವರ್ ಒಂದು ಸಲದ್ದು. ಇವೆರಡನ್ನ ಬೇರೆ ಬೇರೆ ಪುಟದಲ್ಲಿ ಬರೆದ್ರೆ ತೊಂದರೆ ಅಲ್ಲೇ ಕಾಣತ್ತೆ, ಗ್ರಾಂಟ್ ದುಡ್ಡು ಹೊಸ ಸಾಮಾನಿಗೆ ಸಿಗೋದು ಸುಲಭ, ಕರೆಂಟ್ ಬಿಲ್ಲಿಗೆ ಸಿಗೋದು ಕಷ್ಟ, ಹಾಗಾಗಿ ಬಿಲ್ಲಿಗೆ ಮೆಂಬರ್‌ಶಿಪ್ ದುಡ್ಡು ಎತ್ತಿಡ್ಬೇಕು. ನಮ್ಮವರು ಎಷ್ಟೋ ಜನ ರಿಂಕ್ ಬಳಸ್ತಾರೆ ಆದ್ರೆ ಕಮ್ಯುನಿಟಿ ಅಸೋಸಿಯೇಷನ್ ಮೆಂಬರ್ ಆಗಿರಲ್ಲ, ದಯವಿಟ್ಟು ಆಗಿ, ಆ ಸಣ್ಣ ಮೊತ್ತದಲ್ಲೇ ದೀಪ ಉರಿಯೋದು.

ಆಲ್ಬರ್ಟಾದಲ್ಲಿ ಇನ್ನೊಂದು ದೊಡ್ಡ ದಾರಿ ಕ್ಯಾಸಿನೊ. ಲೈಸೆನ್ಸ್ ಪಡೆದ ಸಂಘಗಳ ವಾಲಂಟಿಯರ್‌ಗಳು ಸರದಿ ಬಂದಾಗ ಎರಡು ದಿನ ಕ್ಯಾಸಿನೊದಲ್ಲಿ ಕ್ಯಾಶ್ ಎಣಿಸೋ ಥರದ ಕೆಲಸ ಮಾಡಿದ್ರೆ ಸಂಘಕ್ಕೆ ಪಾಲು ಬರತ್ತೆ. ಜೂಜಿನ ದುಡ್ಡು ಅಂತ ಕೆಲವರಿಗೆ ಮುಜುಗರ, ಅದು ಅವರವರ ಮನಸ್ಸು, ಒಪ್ಪದವರು ಹೋಸ್ ಹಿಡೀಲಿ. ಆದ್ರೆ ಸರದಿ ಬರೋಕೆ ವರ್ಷಗಳೇ ಹಿಡಿಯತ್ತೆ, ಬಂದ ದುಡ್ಡನ್ನ ಮುಂದಿನ ಸರದಿ ತನಕ ಹಂಚ್ಕೊಂಡು ಖರ್ಚು ಮಾಡ್ಬೇಕು, ಮೊದಲ ವರ್ಷವೇ ಹೊಸ ಬೋರ್ಡಿಗೆ ಸುರಿದ್ರೆ ಮುಂದಿನ ವರ್ಷ ಲೈಟ್ ಬಿಲ್ ಕಟ್ಟೋಕಾಗಲ್ಲ.

ಗ್ರಾಂಟ್ ಸಿಗ್ಲಿಲ್ಲ ಅಂದ್ರೆ ಅರ್ಜಿ ಮತ್ತೆ ಓದಿ. "ಮಕ್ಕಳಿಗೆ ತುಂಬ ಉಪಯೋಗ" ಅಂತಷ್ಟೇ ಬರೆದಿದ್ರೆ ಸಾಲದು, ಎಷ್ಟು ದಿನ ಓಪನ್ ಇತ್ತು, ಸಂಜೆ ಎಷ್ಟು ಜನ ಬರ್ತಿದ್ರು, ವಾಲಂಟಿಯರ್‌ಗಳು ಎಷ್ಟು ಗಂಟೆ ದುಡಿದ್ರು ಅಂತ ನೋಟ್‌ಬುಕ್ ನೋಡಿ ಬರೀರಿ. ಇನ್ಶೂರೆನ್ಸ್ ಬಗ್ಗೆ ಸಂದೇಹ ಇದ್ರೆ, ಉದಾಹರಣೆಗೆ ಪಾರ್ಕ್ ರಿಂಕಿಗೆ ಅಸೋಸಿಯೇಷನ್ ಪಾಲಿಸಿ ಅನ್ವಯಿಸತ್ತಾ ಇಲ್ವಾ ಅಂತ, ಬರಹದಲ್ಲಿ ಉತ್ತರ ಬರೋ ತನಕ ರಿಂಕ್ ಓಪನ್ ಮಾಡ್ಬೇಡಿ.

ಕೆಲಸಕ್ಕೆ ಜನ ಬರ್ತಿಲ್ಲ

ದುಡ್ಡಿಲ್ಲ ಅನ್ನೋ ದೂರಿನ ಕೆಳಗೆ ಎಷ್ಟೋ ಸಲ ಇದೇ ಇರತ್ತೆ. ಇಬ್ಬರೇ ಎಲ್ಲ ರಾತ್ರಿ ನೀರು ಹಾಕ್ತಿದ್ರೆ ಫೆಬ್ರವರಿಗೆ ಅವರು ಸುಸ್ತಾಗಿ ಬಿಡ್ತಾರೆ, ಆಮೇಲೆ ಕಾಂಟ್ರಾಕ್ಟರ್‌ಗೆ ದುಡ್ಡು ಕೊಡ್ಬೇಕಾಗತ್ತೆ. "ಯಾರಾದ್ರೂ ಬನ್ನಿ" ಅಂತ ಮೆಸೇಜ್ ಹಾಕಿದ್ರೆ ಯಾರೂ ಬರಲ್ಲ, "ಮಂಗಳವಾರ ರಾತ್ರಿ ಒಂಬತ್ತರಿಂದ ಹತ್ತು, ಸ್ಕ್ರೇಪರ್ ಹಿಡಿಯೋಕೆ ಒಬ್ಬರು" ಅಂತ ಹಾಕಿದ್ರೆ ಬರ್ತಾರೆ. ಸ್ಕೇಟಿಂಗ್ ಬರದೇ ಇರೋರು ಹಿಂಜರೀತಾರೆ, ಈ ಕೆಲಸ ಎಲ್ಲ ಬೂಟು ಹಾಕ್ಕೊಂಡು ಮಾಡೋದು ಅಂತ ಅವರಿಗೆ ಹೇಳಿ. ಸಂಕ್ರಾಂತಿ ಸರಿಯಾಗಿ ರಿಂಕಿನ ಸೀಸನ್ ನಡುವೆ ಬರತ್ತೆ, ಎಳ್ಳುಬೆಲ್ಲ ಡಬ್ಬಿ ಹಿಡ್ಕೊಂಡು ಹೋಗಿ ಹೋಸ್ ಹಿಡಿದಿರೋರಿಗೆ ಕೊಟ್ಟು ಮಾತಾಡಿಸಿ, ಮುಂದಿನ ವಾರದ ಪಟ್ಟೀಲಿ ನಿಮ್ಮ ಹೆಸರೂ ಇರತ್ತೆ.

ಅಂಚಲ್ಲಿ ಹುಲ್ಲು ಕಾಣ್ತಿದೆ

ಮಾರ್ಚಲ್ಲಿ ಹೀಗಾದ್ರೆ ಅದು ದೋಷ ಅಲ್ಲ, ಸೀಸನ್ ಮುಗೀತು. ರಾತ್ರಿ ಮೈನಸ್ 5ಕ್ಕಿಂತ ಕೆಳಗೆ ಹೋಗದೇ ಇದ್ರೆ ನೀರು ಹಾಕಿ ದುಡ್ಡು ಕಳೀಬೇಡಿ. ರಿಂಕ್ ಕ್ಲೋಸ್ಡ್ ಬೋರ್ಡ್ ಹಾಕಿ, ನೆಟ್ ಎತ್ತಿಡಿ, ಹೋಸ್ ಪೂರ್ತಿ ಸೋರಿಸಿ ಒಣಗಿಸಿ, ಸ್ನೋ ಬ್ಲೋವರ್ ಪೆಟ್ರೋಲ್ ಖಾಲಿ ಮಾಡಿ. ಮಣ್ಣು ಮೆತ್ತಗಿರುವಾಗ ಬೋರ್ಡ್ ಎಳೆದಾಡಿದ್ರೆ ಹುಲ್ಲು ಹಾಳಾಗಿ ಸಿಟಿಯವರ ಹತ್ರ ಮಾತು ಕೇಳ್ಬೇಕಾಗತ್ತೆ, ನೆಲ ಒಣಗಿದ ಮೇಲೆ ತೆಗೀರಿ, ಆವಾಗಲೇ ದಾರ ಕಟ್ಟಿ ಇಳಿಜಾರೂ ಅಳೆದು ನೋಟ್‌ಬುಕ್‌ನಲ್ಲಿ ಬರೆದು, ರಸೀದಿಗಳ ಜೊತೆ ಅಸೋಸಿಯೇಷನ್ ಖಜಾಂಚಿಗೆ ಕೊಡಿ.